ಕಚೇರಿ ಜಗಲಿಯ ಮೇಲೆ ನರ್ಸಮ್ಮ

ಮೊನ್ನೆ ಮೊಮ್ಮಗಳು ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಔಷಧಿ ಅಂಗಡಿಯವನು ಪುಟ್ಟ ಸೀಸೆಯಲ್ಲಿ ಟಿಂಚರು ಕೊಟ್ಟ. ಮನೆಗೆ ಬಂದು ಮುಚ್ಚಳ ತಿರುಗಿಸಿದೆ, ಅಷ್ಟೇ. ಆ ಕಟುವಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗು ಅಳುತ್ತಿರುವುದನ್ನೂ ಮರೆತು ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ನರ್ಸಮ್ಮನ ಸೆರಗಿನಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು. ಕೆಲಸದಿಂದ ನಿವೃತ್ತರಾದ ಮೇಲೂ ಅದು ಅವರನ್ನು ಬಿಟ್ಟು ಹೋಗಿರಲಿಲ್ಲ…

ನಾನು ನಾಗಮಂಗಲದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಿಂದ ಒಳಕ್ಕೆ, ನಾಲೆ ಏರಿಯ ಕೆಳಗೆ ನಮ್ಮ ಬೀದಿ. ಗೋಡೆಗೆ ಗೋಡೆ ಅಂಟಿದಂತಿದ್ದ ಪಕ್ಕದ ಮನೆ ನರ್ಸಮ್ಮನದು. ಬೂಕನಕೆರೆಯ ಹತ್ತಿರದ ಹಳ್ಳಿಯವರು. ಮದುವೆಯಾಗಿರಲಿಲ್ಲ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ಎಂದು ಸರ್ಕಾರ ಕಳಿಸಿದ ಕಡೆಗೆಲ್ಲ ಟ್ರಂಕು ಹೊತ್ತುಕೊಂಡು ಹೋಗಿ, ಹಳ್ಳಿಹಳ್ಳಿ ನಡೆದು ಹೆರಿಗೆ ಮಾಡಿಸಿದವರು. ಸೋರುವ ಕ್ವಾರ್ಟರ್ಸು, ಯಾರದೋ ಮನೆಯ ಬಾಡಿಗೆ ಕೋಣೆ, ಒಮ್ಮೆ ದನದ ಕೊಟ್ಟಿಗೆಯ ಅರ್ಧ ಭಾಗ… ಹೀಗೆ ಇಡೀ ವಯಸ್ಸು ಕಳೆದಿದ್ದರು. ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ಕೊಂಡ ಈ ಮಣ್ಣಿನ ಗೋಡೆಯ ಮನೆಯೇ ಅವರ ಮೊದಲ ಸ್ವಂತ ಮನೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆಯುವಾಗ ಹೊಸಿಲನ್ನು ಒಮ್ಮೆ ಸವರುತ್ತಿದ್ದರು. ಕಂಡವರು ನಕ್ಕರೆ, "ನಗ್ರವ್ವಾ, ನಗ್ರಿ. ನಿಮ್ಗೇನು ಗೊತ್ತು" ಅನ್ನುತ್ತಿದ್ದರು.

ನನ್ನ ಮಗ ಇನ್ನೂ ತೊಟ್ಟಿಲಲ್ಲಿದ್ದ ಮಳೆಗಾಲದ ಒಂದು ಬೆಳಿಗ್ಗೆ ನಾಲೆ ಒಡೆಯಿತು. ಗಂಡಸರೆಲ್ಲ ಗದ್ದೆಗೆ ಹೋಗಿದ್ದರು, ನಮ್ಮ ಯಜಮಾನರು ನೌಕರಿಗೆ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಏರಿಯ ಕಡೆಯಿಂದ ಸದ್ದೊಂದು ಕೇಳಿ ತಲೆಯೆತ್ತುವಷ್ಟರಲ್ಲಿ ಕೆಸರುನೀರು ಬೀದಿ ತುಂಬಿ ನುಗ್ಗುತ್ತಿತ್ತು. ಒಳಗೆ ಓಡಿದೆ. ನಾನು ತೊಟ್ಟಿಲು ಮುಟ್ಟುವ ಮೊದಲೇ ನರ್ಸಮ್ಮ ಮಂಡಿಯುದ್ದದ ನೀರಿನಲ್ಲಿ ಬಂದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಾಗಿತ್ತು. ಇನ್ನೊಂದು ಕೈಯಲ್ಲಿ ಕಾಲು ನೋವಿನ ನಮ್ಮತ್ತೆಯ ರಟ್ಟೆ ಹಿಡಿದಿದ್ದರು.

"ಪಾತ್ರೆ ಪಗಡ ಬುಡವ್ವ! ಸ್ಕೂಲ್ ದಿಬ್ಬುಕ್ ನಡಿ ಮದ್ಲು!"

ನಾವು ದಿಬ್ಬ ಹತ್ತಿ ನಿಂತು ತಿರುಗಿ ನೋಡುವಾಗ ಅವರ ಮನೆಯ ಹಿಂದಿನ ಗೋಡೆ ಕುಸಿಯಿತು. ಅಡುಗೆಮನೆಯ ಹೆಂಚು ಒಂದೊಂದಾಗಿ ಜಾರಿತು. ನರ್ಸಮ್ಮ ಕಣ್ಣು ಮುಚ್ಚಿಕೊಂಡರು. ನನ್ನ ಮಗ ಅವರ ಹೆಗಲ ಮೇಲೆಯೇ ಇದ್ದ.

ನೀರು ಇಳಿದ ಮೇಲೆ ಮನೆ ಬಿದ್ದವರಿಗೆಲ್ಲ ಸರ್ಕಾರ ಪರಿಹಾರ ಕೊಡುತ್ತದೆಂದು ಸುದ್ದಿ ಬಂತು. ತಾಲೂಕು ಕಚೇರಿಯವರು ಬಂದು ಬಿದ್ದ ಗೋಡೆಗಳನ್ನು ಅಳೆದುಕೊಂಡೂ ಹೋದರು. ನಮ್ಮ ಬೀದಿಯ ಹಲವರಿಗೆ ಪರಿಹಾರ ಬಂತು. ಬಾರದೇ ಉಳಿದವರು ಮೂವರು: ನರ್ಸಮ್ಮ, ಕೊನೆಮನೆಯ ರಿಟೈರಾದ ಮೇಷ್ಟ್ರು, ಮತ್ತು ಪೊಲೀಸ್ ಇಲಾಖೆಯಿಂದ ರಿಟೈರಾದ ದಫೇದಾರರು. ಮೂವರೂ ಪಿಂಚಣಿದಾರರು.

ನರ್ಸಮ್ಮ ಕಚೇರಿಗೆ ಹೊರಟರು. ಅವರಿಗೆ ಜೊತೆಯಾಗಿ ನಾನೂ ಹೊರಟೆ, ಕಂಕುಳಲ್ಲಿ ಮಗು. "ಕಚೇರಿ ಮೆಟ್ಲು ಹತ್ತೋ ಕೆಲ್ಸ ಎಂಗುಸ್ರಿಗ್ಯಾಕೆ" ಎಂದು ಅತ್ತೆ ಗೊಣಗಿದರು. ಆದರೆ ಬೇಡವೆನ್ನಲಿಲ್ಲ.

ಕಚೇರಿಯ ಗುಮಾಸ್ತರು ಕೆಟ್ಟವರೇನಲ್ಲ. ಕನ್ನಡಕ ತೆಗೆದು ಸಮಾಧಾನವಾಗಿಯೇ ಹೇಳಿದರು: "ನಿಮಗೆ ತಿಂಗಳು ತಿಂಗಳು ಪಿಂಚಣಿ ಬರ್ತದಲ್ಲಮ್ಮ. ಒಬ್ಬರಿಗೇ ಸರ್ಕಾರ ಎಷ್ಟು ಕಡೆಯಿಂದ ಕೊಡ್ತದೆ? ಪರಿಹಾರ ಗತಿ ಇಲ್ಲದೋರಿಗೆ."

"ಪಿನ್ಸನ್ನು ನಾನು ದುಡುದಿದ್ಕೆ ಬತ್ತಾ ಇರೋದು ಕಣಪ್ಪ. ಗ್ವಾಡೆ ಬಿದ್ದಿದ್ದು ನಾಲೆ ನೀರ್ಗೆ. ಅದ್ಕೂ ಇದ್ಕೂ ಏನ್ ಸಂಬಂಧ? ಪಿನ್ಸನ್ ತಕ್ಕಳೋರ ಅಟ್ಟಿ ಅಂತ ನೀರೇನು ಬಳಸ್ಕಂಡ್ ಓಯ್ತಾ?"

ಸಾಲಿನಲ್ಲಿ ನಿಂತವರು ಗೊಳ್ಳೆಂದರು. ಗುಮಾಸ್ತರ ಮುಖ ಬಿಗಿಯಿತು. "ತಹಸೀಲ್ದಾರ್ ಸಾಹೇಬರಿಲ್ಲ, ಆಮೇಲೆ ಬನ್ನಿ" ಎಂದು ತಲೆ ತಗ್ಗಿಸಿದರು.

ನರ್ಸಮ್ಮ ಹೋಗಲಿಲ್ಲ. ಜಗಲಿಯ ಕಲ್ಲುಬೆಂಚಿನ ಮೇಲೆ ಕುಳಿತರು. ಮರುದಿನವೂ ಬಂದು ಕುಳಿತರು. ಅದರ ಮಾರನೆಯ ದಿನವೂ. ಜಗಳವಿಲ್ಲ, ಕೂಗಿಲ್ಲ. ಸಾಹೇಬರು ಬರುವವರೆಗೆ ಕೂರುವುದು, ಅಷ್ಟೇ.

ಆಮೇಲೆ ನಡೆದದ್ದನ್ನು ಯಾರೂ ಯೋಚಿಸಿರಲಿಲ್ಲ. ಈ ಕಡೆಗೆ ಮದುವೆಯಾಗಿ ಬಂದಿದ್ದ ಬೂಕನಕೆರೆಯ ಹೆಣ್ಣುಮಗಳೊಬ್ಬಳು ಪಹಣಿಗೆಂದು ಬಂದವಳು ಇವರನ್ನು ಕಂಡು ಓಡಿಬಂದಳು. "ನರ್ಸಮ್ಮಾರೇ! ನಮ್ಮವ್ವಂಗೆ ನನ್ನ ಎರ್ಗೆ ಮಾಡ್ಸಿದ್ದು ನೀವೇ ಅಂತೆ!" ಎನ್ನುತ್ತ ತನ್ನ ಸೊರಗಿದ ಮಗುವನ್ನು ಅವರ ಮಡಿಲಿಗೆ ಹಾಕಿದಳು. ನರ್ಸಮ್ಮ ಮಗುವಿನ ಕಣ್ಣರೆಪ್ಪೆ ಬಿಡಿಸಿ ನೋಡಿದರು, ನಾಲಿಗೆ ನೋಡಿದರು, ತಾಯಿಗೆ ಚೆನ್ನಾಗಿ ಬೈದರು. "ರಾಗಿ ಗಂಜಿ ಕುಡ್ಸದೆ ಬರೀ ಬಿಸ್ಕತ್ತು ತಿನ್ಸುದ್ರೆ ಇನ್ನೇನಾದದು! ಇವತ್ತೇ ಆಸ್ಪತ್ರೆಗೆ ತೋರ್ಸು." ಅದನ್ನು ಕಂಡ ಇನ್ನೊಬ್ಬಳು ತನ್ನ ಬಸುರಿ ತಂಗಿಯನ್ನು ಕರೆತಂದಳು. ಸಂತೆಯ ದಿನ ಬಂದಾಗ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೂಸುಗಳ ಅಳು ಕಚೇರಿಯೊಳಗೆ ಟೈಪು ಮಾಡುವವರ ಸದ್ದನ್ನೂ ಮುಚ್ಚಿಹಾಕುತ್ತಿತ್ತು. ನಾನು ಬಂದವರನ್ನೆಲ್ಲ ಸಾಲಾಗಿ ಕೂರಿಸುತ್ತಿದ್ದೆ. ಗೊಣಗಿದ್ದ ಅತ್ತೆಯೇ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಡತೊಡಗಿದರು. ಒಂದು ದಿನ ಅದೇ ಗುಮಾಸ್ತರು ತಮ್ಮ ಬಸುರಿ ಹೆಂಡತಿಯ ಕಾಲಿನ ಊತದ ವಿಷಯ ಕೇಳಲು ಮೆಲ್ಲಗೆ ಬಂದು ನಿಂತರು. ನರ್ಸಮ್ಮ ಅವರನ್ನೂ ಕೂರಿಸಿ, ಬಿಡಿಸಿ ಬಿಡಿಸಿ ಹೇಳಿದರು. ಗೋಡೆಯ ಮಾತೇ ಎತ್ತಲಿಲ್ಲ.

ಕೊನೆಗೆ ಸಾಹೇಬರು ಬಂದರು. ಜೀಪಿನಿಂದ ಇಳಿದವರಿಗೆ ತಮ್ಮದೇ ಕಚೇರಿಯ ಬಾಗಿಲು ಕಾಣಿಸಲಿಲ್ಲ. "ಇದೇನ್ರೀ, ಇಲ್ಲಿ ಆಸ್ಪತ್ರೆ ತೆಗೆದವರು ಯಾರು?" ಎಂದರು. ವಿಷಯ ತಿಳಿದ ಮೇಲೆ ನಮ್ಮನ್ನು ಒಳಗೆ ಕರೆಸಿದರು. ನರ್ಸಮ್ಮ ಎಲ್ಲವನ್ನೂ ಹೇಳಿದರು. ಸಾಹೇಬರು ಪೂರ್ತಿ ಕೇಳಿದರು. ಆಮೇಲೆ ನಗುತ್ತ, "ಆಯ್ತಮ್ಮ, ನೀವು ಇಷ್ಟು ಸೇವೆ ಮಾಡಿದವರು. ನಿಮ್ಮದೊಂದನ್ನು ಹೇಗಾದರೂ ಮಾಡಿಸಿಕೊಡ್ತೀನಿ. ಮನೆಗೆ ಹೋಗಿ" ಎಂದರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ನರ್ಸಮ್ಮ ಎದ್ದೇಳಲಿಲ್ಲ.

"ಮೇಷ್ಟ್ರುದು, ದಫೇದಾರ್ರುದು?"

"ಅವರು ಬಂದು ಕೇಳಿಲ್ಲವಲ್ಲಮ್ಮ."

"ಅವ್ರು ಮರ್ವಾದಸ್ಥರು ಸ್ವಾಮಿ, ಕೇಳಾಕೆ ನಾಚ್ಕತಾರೆ. ಕೊಟ್ರೆ ಮೂವರ್ಗೂ ಕೊಡಿ. ನಾನು ಎರ್ಗೆ ಮಾಡ್ಸಿವ್ನಿ ಅಂತ ನನ್ಗೊಬ್ಳಿಗೇ ಕೊಡಾದಾದ್ರೆ… ಬ್ಯಾಡಿ."

ಸಾಹೇಬರ ಮುಖದ ನಗು ಹೋಯಿತು. "ಹಾಗಾದರೆ ಮೇಲಿನವರನ್ನು ಕೇಳಬೇಕಾಗ್ತದೆ" ಎಂದಷ್ಟೇ ಹೇಳಿ ಗಂಟೆ ಒತ್ತಿದರು.

ಮನೆಯವರೆಗೂ ನಾನು ಅವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ನನಗೆ ಸಿಟ್ಟು ಬಂದಿತ್ತು. ಅತ್ತೆಯಂತೂ ಬಾಯಿ ಬಡಿದುಕೊಂಡರು: "ಕೊಡ್ತೀನಿ ಅಂದೋರ್ತಾವ ಈಸ್ಕಬಾರ್ದಾಗಿತ್ತಾ?" ನರ್ಸಮ್ಮ ಕಾಲು ತೊಳೆದುಕೊಳ್ಳುತ್ತ, "ಈಸ್ಕಂಡು ಮೇಷ್ಟ್ರ ಮನೆ ಮುಂದ್ಗಡೆ ಎಂಗವ್ವ ಓಡಾಡ್ಲಿ?" ಎಂದರು.

ದಿನಗಳು ಹೋದವು. ಬಿದ್ದ ಗೋಡೆಯ ಜಾಗಕ್ಕೆ ತೆಂಗಿನ ಗರಿ ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿದ್ದರು. ಗಾಳಿ ಬಂದರೆ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಪಿಂಚಣಿ ಊಟಕ್ಕೂ ಮಾತ್ರೆಗೂ ಸರಿಹೋಗುತ್ತಿತ್ತು. ಇಟ್ಟಿಗೆ ತರಲು ಎಲ್ಲಿಂದ? ಮೈಸೂರಿನಲ್ಲಿದ್ದ ಅವರ ತಮ್ಮನ ಮಗ ಬಂದ. ಒಳ್ಳೆಯ ಹುಡುಗನೇ. "ಅತ್ತೆ, ಇದ್ನ ಮಾರ್ಬುಟ್ಟು ನಮ್ಜೊತೆ ಬಂದ್ಬುಡಿ. ಈ ವಯಸ್ನಲ್ಲಿ ಗರಿ ಗುಡ್ಲಲ್ಲಿ ಮಲಗೋದಾ?" ಎಂದು ಕೈಹಿಡಿದು ಕೇಳಿಕೊಂಡ. ಅವತ್ತು ಮೊದಲ ಬಾರಿಗೆ ನರ್ಸಮ್ಮ ಸೋತವರಂತೆ ಕಂಡರು. ಟ್ರಂಕನ್ನು ಎಳೆದು ತಂದು ನಡುಮನೆಯಲ್ಲಿಟ್ಟರು. ಎರಡು ಸೀರೆ ಮಡಿಸಿ ಹಾಕಿದರು. ನಾನು ನೋಡಲಾರದೆ ಮಗುವನ್ನು ನೆಪ ಮಾಡಿಕೊಂಡು ಹೊರಗೆ ಬಂದುಬಿಟ್ಟೆ…

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಕೇಳಿತು. "ಈ ತಿಂಗ್ಳು ಪಿನ್ಸನ್ ಈಸ್ಕಂಡು ಆಮೇಲ್ ಯೋಳ್ತೀನಿ ಕಣಪ್ಪ. ನೀನ್ ಹೊರ್ಡು ಇವತ್ತು."

ಪಿಂಚಣಿಯ ದಿನ ಬ್ಯಾಂಕಿನಲ್ಲಿ ಎಂದಿನಂತೆ ಸಾಲು. ಮುಂದೆ ಮೇಷ್ಟ್ರು, ಅವರ ಹಿಂದೆ ದೊಡ್ಡ ಮೀಸೆಯ ದಫೇದಾರರು, ಆಮೇಲೆ ನರ್ಸಮ್ಮ, ಅವರ ಪಕ್ಕ ನಾನು. ಮೇಷ್ಟ್ರು ಕೌಂಟರಿನಲ್ಲಿ ಏನೋ ಕೇಳಿ, "ನಂದಲ್ಲ, ಇನ್ಯಾರದೋ ಇರಬೇಕು, ಸರಿಯಾಗಿ ನೋಡಿ" ಎನ್ನುತ್ತಿದ್ದರು. ಕೌಂಟರಿನ ಹುಡುಗ ಜೋರಾಗಿ ಹೇಳಿದ: "ನಿಮ್ಮದೇ ಸಾರ್. ಪಿಂಚಣಿ ಬೇರೆ, ಇದು ಬೇರೆ. ನಾಲೆ ಪರಿಹಾರ ಅಂತ ನಿಮ್ಮ ಖಾತೆಗೇ ಜಮಾ ಆಗಿದೆ."

ನರ್ಸಮ್ಮ ನನ್ನ ಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದರು. ಸಾಲು ಬಿಟ್ಟು ಮುಂದೆ ನುಗ್ಗಿ, "ದಫೇದಾರ್ರುದು ನೋಡಪ್ಪ!" ಎಂದರು. ಹುಡುಗ ನೋಡಿದ. "ಅವರಿಗೂ ಬಂದಿದೆ." ತಮ್ಮದನ್ನು ಅವರು ಕೇಳಲೇ ಇಲ್ಲ. ಹುಡುಗನೇ ಹೇಳಿದ: "ನಿಮಗೂ ಬಂದಿದೆ ಅಮ್ಮ. ತಹಸೀಲ್ದಾರ್ ಕಚೇರಿಯಿಂದ ಮೂವರದೂ ಒಟ್ಟಿಗೇ ಬಂದಿದೆ."

ಬ್ಯಾಂಕಿನ ನಡುವೆ ನರ್ಸಮ್ಮ ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದರು. ಮಗು ಹುಟ್ಟಿ ಮೊದಲ ಸಲ ಅತ್ತಾಗ ಅವರ ಮುಖದಲ್ಲಿ ಕಾಣುತ್ತಿದ್ದ ನಗು ಅದು. ನನ್ನ ಹೆರಿಗೆಯಲ್ಲಿ ಕಂಡಿದ್ದೆ. ದಫೇದಾರರು ಮೀಸೆಯಡಿಯಲ್ಲಿ ತುಟಿ ಕಚ್ಚಿಕೊಂಡು ನಿಂತರು, ಆಮೇಲೆ ಯಾರೇನು ಅಂದುಕೊಂಡರೂ ಸರಿ ಎಂಬಂತೆ ಅತ್ತೇಬಿಟ್ಟರು. "ಅಮ್ಮಾ, ನಾನು ಲಾಠಿ ಹಿಡ್ದೋನು. ಕಚೇರಿ ಒಳಕ್ಕೋಗಿ ನಂದು ಅಂತ ಕೇಳಾಕೆ ಬಾಯ್ ಬರ್ನಿಲ್ಲ."

"ಓಗ್ಲಿ ಬುಡಿ ದಫೇದಾರ್ರೇ. ಬನ್ನಿ, ಹೊಟ್ಟೆ ಹಸಿತಾ ಅದೆ."

ಹೋಟೆಲಿನ ತಿಂಡಿಯನ್ನೇ ಮುಟ್ಟದ ನರ್ಸಮ್ಮ ಅವತ್ತು ನಮ್ಮೆಲ್ಲರನ್ನೂ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ತಾವೂ ತಿಂದರು, "ಎಣ್ಣೆ ಜಾಸ್ತಿ" ಎಂದು ಬೈಯುತ್ತ ಇನ್ನೊಂದು ತರಿಸಿಕೊಂಡರು. ನಾವು ಬೀದಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ನಮ್ಮತ್ತೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಗಂಡಸರು "ಗೆದ್ಬುಟ್ರು ಕಣ್ಲಾ ನರ್ಸಮ್ಮ!" ಎಂದು ಏರಿಯ ಮೇಲಿಂದಲೇ ಕೂಗಿದರು.

ಗೋಡೆ ಎದ್ದಿತು. ಈ ಸಲ ಮಣ್ಣಿನದಲ್ಲ, ಇಟ್ಟಿಗೆಯದು. ತಮ್ಮನ ಮಗ ಮೈಸೂರಿನಿಂದ ಬಂದು ತಾನೇ ನಿಂತು ಕೆಲಸ ಮಾಡಿಸಿದ. ಅಡುಗೆಮನೆಗೆ ನಾಲೆಯ ಕಡೆಗೆ ದೊಡ್ಡದೊಂದು ಕಿಟಕಿ ಇಡಬೇಕೆಂದು ನರ್ಸಮ್ಮ ಹಠ ಹಿಡಿದರು. ಮತ್ತೆ ನೀರು ಬಂದರೆ ಎಂದು ಗಾರೆಯವನು ಅನುಮಾನಿಸಿದ. "ಬಂದ್ರೆ ಬರ್ಲಿ, ಕಂಡ್ರೆ ತಾನೆ ಮಾತಾಡ್ಸಕಾಗಾದು" ಎಂದರು. ಹಾಲು ಉಕ್ಕಿಸಿದ ದಿನ ಆ ಗುಮಾಸ್ತರು ಹೆಂಡತಿ, ಕೈಗೂಸಿನೊಂದಿಗೆ ಬಂದಿದ್ದರು.

ಅದೇ ಮನೆಯಲ್ಲಿ ಅವರು ಇನ್ನೂ ಕೆಲವು ವರ್ಷ ಇದ್ದರು. ಹೋದದ್ದೂ ಅಲ್ಲಿಂದಲೇ. ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹೊಸಹೊಳಲು, ಬೂಕನಕೆರೆ, ಮೇಲುಕೋಟೆಯ ಕಡೆಯಿಂದೆಲ್ಲ ಟ್ರಾಕ್ಟರುಗಳಲ್ಲಿ ಜನ ಬಂದರು. ಹೆಂಗಸರೇ ಹೆಚ್ಚು. ಮಕ್ಕಳಿಲ್ಲದವರು ಎಂದು ಯಾರಾದರೂ ಅಂದಿದ್ದರೆ ಆ ದಿನ ಅವರಿಗೆ ನಾಚಿಕೆಯಾಗುತ್ತಿತ್ತು.

ಈ ತಿಂಗಳು, ನೌಕರಿಯಿಂದ ನಿವೃತ್ತರಾದ ನಮ್ಮ ಯಜಮಾನರಿಗೆ ಮೊದಲ ಪಿಂಚಣಿ ಬಂತು. ಮೊಬೈಲಿನಲ್ಲಿ ಸದ್ದಾದಾಗ ಅವರು ಕನ್ನಡಕ ಹುಡುಕಿ ಓದಿ, "ಬಂತು ಕಣೇ" ಎಂದರು. ಮಗನಿಗೆ ಫೋನು ಮಾಡಿದೆ, ನಾದಿನಿಗೆ ಮಾಡಿದೆ. ಇನ್ನೂ ಒಬ್ಬರಿಗೆ ಹೇಳುವುದು ಉಳಿದಿದೆ ಅನ್ನಿಸುತ್ತಲೇ ಇತ್ತು. ಎದ್ದು ಹೊರಗೆ ಬಂದೆ. ಪಕ್ಕದ ಮನೆಯಲ್ಲಿ ಈಗ ಬಾಡಿಗೆಗಿರುವ ಹುಡುಗಿ ಬಟ್ಟೆ ಒಣಹಾಕುತ್ತಿದ್ದಳು. "ಏನ್ ಆಂಟಿ, ಯಾರಾದ್ರೂ ಬೇಕಿತ್ತಾ?" ಎಂದಳು.

"ಇಲ್ಲ ಕಣವ್ವ" ಎಂದೆ. ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ…