ಉಗುರುಬಣ್ಣ ಹಚ್ಚಿದ ರೆಕ್ಕೆಗಳು

ಹಂಪನಕಟ್ಟೆಯಲ್ಲಿ ಬಸ್ಸಿಳಿದು ಹಳೆಯ ಲಾಡ್ಜೊಂದರ ಪಕ್ಕದ ಓಣಿಗೆ ತಿರುಗಿದರೆ ಅಹ್ಮದ್ ಬಾವ ಅವರ ಅಂಗಡಿ. ಬೋರ್ಡಿನಲ್ಲಿ ಇಂದಿಗೂ ‘ಫ್ಯಾನ್ ರಿಪೇರಿ’ ಎಂದೇ ಇದೆ. ಅದರ ಕೆಳಗೆ ಮಾರ್ಕರಿನಲ್ಲಿ ‘ಡ್ರೋನಿನ ರೆಕ್ಕೆಯೂ ಆಗುತ್ತದೆ’ ಎಂದು ಸೊಟ್ಟಗೆ ಬರೆದವನು ನಾನು, ದೇರೆಬೈಲಿನ ಮುಖೇಶ್. ಮದುವೆಗಳ ವಿಡಿಯೊ ತೆಗೆಯುವುದು ನನ್ನ ಕೆಲಸ, ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡಿರುವುದು ನನ್ನ ಸ್ವಭಾವ. ಓಣಿಯವರೆಲ್ಲ ಬಾವಾಕ ಎಂದು ಕರೆಯುವ ಈ ಅರವತ್ತೆರಡರ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನಂತೂ ಕಂಡಿಲ್ಲ.

ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ನನ್ನ ಅಂಗೈಯಗಲದ ಡ್ರೋನು ತೆಂಗಿನ ಮರಕ್ಕೆ ಹೊಡೆದು ನಾಲ್ಕು ರೆಕ್ಕೆಗಳನ್ನೂ ಮುರಿದುಕೊಂಡಿತು. ಆನ್‌ಲೈನಿನಲ್ಲಿ ಹೊಸ ರೆಕ್ಕೆ ತರಿಸಿದೆ. ಅವುಗಳ ಸ್ಕ್ರೂ ಎಷ್ಟು ಸಣ್ಣದೆಂದರೆ ನನ್ನ ಕೈಗೆ ಸಿಗಲೇ ಇಲ್ಲ. ಚಾ ಅಂಗಡಿಯಲ್ಲಿ ಕುಳಿತು ಇಡೀ ಚೀನಾ ದೇಶವನ್ನು ಬೈಯುತ್ತಿದ್ದಾಗ ಪಕ್ಕದಲ್ಲಿದ್ದ ಬಾವಾಕ ಕೈ ಚಾಚಿ, ಇದು ಫ್ಯಾನ್ ತಾನೇ, ಕೊಡು ಇಲ್ಲಿ ಎಂದರು. ಹತ್ತೇ ನಿಮಿಷದಲ್ಲಿ ಕೂರಿಸಿಯೂ ಬಿಟ್ಟರು. ನಾನು ಆನ್ ಮಾಡಿದೆ. ಡ್ರೋನು ಮೇಲೇಳುವ ಬದಲು ಪಲ್ಟಿ ಹೊಡೆದು ಚಾದ ಗ್ಲಾಸಿನ ಮೇಲೆ ಬಿತ್ತು. ಆದದ್ದೇನೆಂದರೆ, ನಲವತ್ತು ವರ್ಷ ಮನೆ ಫ್ಯಾನುಗಳನ್ನೇ ಬಿಚ್ಚಿದವರು, ಅವರು ಕಂಡ ಫ್ಯಾನುಗಳೆಲ್ಲ ಒಂದೇ ಕಡೆಗೆ ತಿರುಗುವಂಥವು. ಹಾಗಾಗಿ ಎಡಕ್ಕೆ ತಿರುಗುವ ಒಂದು ಮೋಟಾರಿಗೆ ಬಲದ ರೆಕ್ಕೆ, ಬಲಕ್ಕೆ ತಿರುಗುವ ಒಂದಕ್ಕೆ ಎಡದ್ದು ಕೂರಿಸಿದ್ದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ.

ಅವರು ಚಾ ಒರೆಸುತ್ತಾ, "ಎರಡು ಹೀಗೆ, ಎರಡು ಹಾಗೆ ತಿರುಗುವುದು ಅಂತ ನೀನು ಮೊದಲೇ ಹೇಳ್ಬೇಕಿತ್ತಲ್ಲ ಮಾರಾಯ," ಎಂದರು.

ಹೇಳುವುದೆಲ್ಲಿಂದ? ಎರಡು ವರ್ಷ ಹಾರಿಸಿದ್ದ ನನಗೇ ಅದು ಗೊತ್ತಿರಲಿಲ್ಲ.

ಆ ದಿನದಿಂದ ಬಾವಾಕನಿಗೆ ರೆಕ್ಕೆಯ ಹುಚ್ಚು ಹಿಡಿಯಿತು. ಹಳೇ ಸ್ಪೀಕರಿನ ಎರಡು ಅಯಸ್ಕಾಂತಗಳ ನಡುವೆ ಹೊಲಿಗೆ ಸೂಜಿಯನ್ನು ಅಡ್ಡಲಾಗಿ ನಿಲ್ಲಿಸಿ, ರೆಕ್ಕೆಯನ್ನು ಅದಕ್ಕೆ ಪೋಣಿಸುತ್ತಿದ್ದರು. ಭಾರದ ತುದಿ ಕೆಳಗೆ ಬಾಗುತ್ತಿತ್ತು. ಆಗ ಹಗುರ ತುದಿಗೆ ಉಗುರುಬಣ್ಣದ ಒಂದು ಹನಿ, ಒಣಗಿದ ಮೇಲೆ ಮತ್ತೆ ಸೂಜಿ, ಮತ್ತೆ ಅರ್ಧ ಹನಿ. ರೆಕ್ಕೆ ಅತ್ತಿತ್ತ ಬಾಗದೆ ನಿಂತರೆ ಮಾತ್ರ ಕೆಲಸ ಮುಗಿಯಿತು. ಅಂಚುಗಳನ್ನು ನಯವಾದ ಉಜ್ಜುಕಾಗದದಲ್ಲಿ ತೀಡುವುದು ಬೇರೆ. ಉಗುರುಬಣ್ಣ ಅವರ ಹೆಂಡತಿ ಮುನೀರಾ ಅವರದು. ದೂರದ ದಮ್ಮಾಮಿನಲ್ಲಿ ದುಡಿಯುವ ಆಕೆಯ ತಮ್ಮ ಸಿದ್ದೀಕ್ ತಂದುಕೊಟ್ಟದ್ದು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವಾಗ ಉಗುರಿಗೆ ನೀರು ತಾಗಲೇಬೇಕು, ಬಣ್ಣ ಹಚ್ಚಿದರೆ ತಾಗುವುದಿಲ್ಲ ಎಂದು ಆಕೆ ಅದನ್ನು ಮುಚ್ಚಳ ಕೂಡ ತೆಗೆಯದೆ ಇಟ್ಟಿದ್ದರು. ತಾಯಿ ಹಬೀಬಾ ಹಚ್ಚುತ್ತಿದ್ದ ಮದರಂಗಿಯೇ ಸಾಕಿತ್ತು ಆಕೆಗೆ.

ನನ್ನ ವಿಡಿಯೊಗಳ ನಡುಕ ನಿಂತಿತು. ಆದರೂ ಬಾವಾಕ ಬಿಡಲಿಲ್ಲ. ಸದ್ದು ಇನ್ನೂ ಉಂಟು, ಉಂಟು ಎನ್ನುತ್ತಾ ಬೇರೆ ಬೇರೆ ಆಕಾರದ ರೆಕ್ಕೆ ತರಿಸಿ ತೀಡುತ್ತಲೇ ಇದ್ದರು. ಮದುವೆಮನೆಯಲ್ಲಿ ಬ್ಯಾಂಡು ಬಾರಿಸುವಾಗ ಡ್ರೋನಿನ ಸದ್ದು ಯಾವ ಪುಣ್ಯಾತ್ಮನಿಗೆ ಕೇಳುತ್ತದೆ ಎಂದು ಒಂದು ಮಧ್ಯಾಹ್ನ ರೇಗಿದೆ.

"ಗಾಳಿ ಕೊಡುವುದು ಫ್ಯಾನಿನ ಕೆಲಸ. ಶಬ್ದ ಬಂದರೆ ಅದು ರಿಪೇರಿಯವನ ತಪ್ಪು," ಎಂದರು ಬಾವಾಕ. ಆಮೇಲೆ ತಲೆ ಎತ್ತದೆ ಉಳಿದದ್ದನ್ನೂ ಹೇಳಿದರು.

ಮುನೀರಾ ಅವರ ತಾಯಿ ಹಬೀಬಾ ಕೊನೆಯ ಆರು ತಿಂಗಳು ಹಾಸಿಗೆ ಹಿಡಿದು ಇವರ ಮನೆಯಲ್ಲೇ ಇದ್ದರು. ಆ ಕೋಣೆಯ ಫ್ಯಾನು ಕಟಕಟ ಎನ್ನುತ್ತಿತ್ತು. ಮುದುಕಿಗೆ ಆ ಸದ್ದು ತಲೆಯೊಳಗೇ ಬಡಿದಂತಾಗಿ, ನಿಲ್ಲಿಸಿ ಎಂದು ಕೈಸನ್ನೆ ಮಾಡುತ್ತಿದ್ದರಂತೆ. ಮುನೀರಾ ಫ್ಯಾನ್ ಆರಿಸಿ, ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಊರಿನ ಫ್ಯಾನೆಲ್ಲ ರಿಪೇರಿ ಮಾಡುವ ಗಂಡ, ನಾಳೆ ಮಾಡ್ತೇನೆ, ನಾಳೆ ಮಾಡ್ತೇನೆ ಎನ್ನುತ್ತಲೇ ಇದ್ದರು. ಹಬೀಬಾ ತೀರಿಕೊಂಡ ಮೂರನೇ ದಿನ ಏಣಿ ಹತ್ತಿ ನೋಡಿದರೆ, ಸವೆದದ್ದು ಒಂದು ರಬ್ಬರ್ ವಾಷರು. ಕಾಲು ಗಂಟೆಯಲ್ಲಿ ಹೊಸದು ಹಾಕಿ ಮುಗಿಯಿತು. ಆದರೆ ವರ್ಷ ಕಳೆದರೂ ಮುನೀರಾ ಆ ಫ್ಯಾನಿನ ಸ್ವಿಚ್ಚು ಮುಟ್ಟಿರಲಿಲ್ಲ. ಬೇಸಗೆಯಲ್ಲಿ ಬೆವರುತ್ತಾ ಅದೇ ಕೋಣೆಯಲ್ಲಿ ಮಲಗುತ್ತಿದ್ದರು. ನನಗೆ ಬೈಗುಳ ಬಹಳ ಬರುತ್ತದೆ, ಸಮಾಧಾನ ಹೇಳಲು ಬರುವುದಿಲ್ಲ.

ಮುನೀರಾಗೆ ಆಸೆ ಒಂದೇ, ತಾಯಿಯನ್ನು ಮಣ್ಣು ಮಾಡಿದ ಕಬರನ್ನು ನೋಡಬೇಕು. ಅದಿರುವುದು ಉಳ್ಳಾಲದ ಕಡೆ, ಅವರ ತವರಿನ ಮಸೀದಿಯ ಹಿಂದೆ. ಅಲ್ಲಿ ಹೆಂಗಸರು ಕಬರಸ್ತಾನದ ಒಳಗೆ ಹೋಗುವ ಕ್ರಮ ಇಲ್ಲ, ಗೇಟಿನ ಹೊರಗೇ ನಿಂತು ಪ್ರಾರ್ಥಿಸಿ ಬರಬೇಕು. ಬಾವಾಕ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ್ದರಂತೆ. ಕಲ್ಲು ಕಾಣುತ್ತದೆ, ಆದರೆ ಉಮ್ಮ ಎಲ್ಲಿದ್ದಾಳೆ ಎಂದು ತಿಳಿಯುವುದಿಲ್ಲ, ಗೇಟಿನಿಂದ ನಾನೇ ನಡೆದು ಹೋದ ಹಾಗೆ ಕಾಣಬೇಕು ಎಂದಿದ್ದರು ಮುನೀರಾ. ರೆಕ್ಕೆಯ ಹುಚ್ಚಿನ ಗುಟ್ಟು ಇದು. ಒಳಗೆ ಡ್ರೋನು ಹಾರಿಸಬಹುದೇ ಎಂದು ಬಾವಾಕ ಮಸೀದಿಯ ಕಾರ್ಯದರ್ಶಿ ಅರಾಫತ್ ಅವರಲ್ಲಿ ಆಗಲೇ ಕೇಳಿದ್ದರು. ಅವರು ಯೋಚಿಸಿ ಯೋಚಿಸಿ ಒಪ್ಪಿದ್ದರು: ಒಂದು ಸಲ ಮಾತ್ರ, ಅದೂ ಸತ್ತವರ ಮಧ್ಯೆ ಗಲಾಟೆ ಆಗಬಾರದು, ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಇಷ್ಟು ದಿನ ಹೇಳಲಿಕ್ಕೆ ನಿಮಗೇನು ಕಷ್ಟ ಎಂದು ಬೈದೆ. ಬೈದು, ನನ್ನ ಡ್ರೋನನ್ನು ಅಲ್ಲೇ ಬಿಟ್ಟು ಬಂದೆ.

ಒಂದು ಶುಕ್ರವಾರ ಸಂಜೆ ಮೂವರೂ ಉಳ್ಳಾಲಕ್ಕೆ ಹೋದೆವು. ಅರಾಫತ್ ಗೇಟಿನ ಬಳಿ ಕೈಕಟ್ಟಿ ನಿಂತಿದ್ದರು. ನಾಲ್ಕು ಕಪ್ಪು ರೆಕ್ಕೆಗಳ ತುದಿಯಲ್ಲಿ ಕೆಂಪು ಚುಕ್ಕೆಗಳು. ಬಾವಾಕ ಎಡದ ಎರಡು, ಬಲದ ಎರಡು ಎಂದು ಬೆರಳಿಟ್ಟು ಮೂರು ಸಲ ಎಣಿಸಿ, ಬಿಸ್ಮಿಲ್ಲಾ ಎಂದರು. ಮೊಬೈಲು ಕೂರಿಸಿದ ರಿಮೋಟನ್ನು ಮುನೀರಾ ಕಾಣುವಂತೆ ಹಿಡಿದು ಎಬ್ಬಿಸಿದೆ. ಸದ್ದೇ ಇಲ್ಲದ ಡ್ರೋನು ಭೂಮಿಯ ಮೇಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಹತ್ತು ಹೆಜ್ಜೆ ದೂರ ಹೋಗುವಷ್ಟರಲ್ಲಿ ಅದು ಪಕ್ಕದ ಕಡಲಿನ ಅಲೆಯ ಸದ್ದಿನಲ್ಲಿ ಕರಗಿ ಹೋಯಿತು. ಅರಾಫತ್ ಕಿವಿಗೊಟ್ಟು ಕೇಳಿ, ಮುಂದೆ ಹೋಗಲಿ ಎಂದು ತಲೆಯಾಡಿಸಿದರು.

ಆಳೆತ್ತರದಲ್ಲಿ, ನಡಿಗೆಯ ವೇಗದಲ್ಲಿ ನಡೆಸಿದೆ. ಕಾಲುದಾರಿ, ಒಂದು ಬೇಲಿಗಿಡ, ಎಡಕ್ಕೆ ತಿರುವು, ಗೋಡೆಯ ಬಳಿ ಒಂದು ಕಲ್ಲು. ಅದರ ಪಕ್ಕ ನೆಟ್ಟಿದ್ದ ಮದರಂಗಿ ಗಿಡ ಮೊಣಕಾಲೆತ್ತರ ಬೆಳೆದಿತ್ತು. ಮುನೀರಾ ಪರದೆಗೆ ಮುಖ ಹತ್ತಿರ ತಂದು ನೋಡುತ್ತಿದ್ದರು. ಇನ್ನಷ್ಟು ಹತ್ತಿರ ತೋರಿಸೋಣವೆಂದು ಇಳಿಸಿದೆ. ರೆಕ್ಕೆಯ ಗಾಳಿಗೆ ಗಿಡದ ಎಲೆಗಳೆಲ್ಲ ಅಲುಗಾಡತೊಡಗಿದವು. ಛೆ, ಜಾಸ್ತಿ ಇಳಿಸಿದೆ ಎಂದು ಮೇಲಕ್ಕೆತ್ತಲು ಹೋದರೆ ಮುನೀರಾ ನನ್ನ ಕೈ ಹಿಡಿದರು.

"ಇರಲಿ ಮಗ. ಉಮ್ಮನಿಗೆ ಗಾಳಿ ಬರ್ತಾ ಉಂಟು."

ಬ್ಯಾಟರಿಯ ಗುರುತು ಕೆಂಪಾಗುವವರೆಗೆ ಡ್ರೋನನ್ನು ಅಲ್ಲೇ ನಿಲ್ಲಿಸಿದೆ. ನನ್ನ ಕಣ್ಣು ಮಂಜಾಗಿ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಆ ಎಲೆಗಳು ಅಲುಗುತ್ತಿದ್ದವು ಎಂಬುದಷ್ಟೇ ನೆನಪು. ಡ್ರೋನು ವಾಪಸು ಬಂದಾಗ ಬಾವಾಕ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ರೆಕ್ಕೆಗಳನ್ನು ಬಟ್ಟೆಯಲ್ಲಿ ಒರೆಸುತ್ತಾ ಕುಳಿತರು.

ಮುನೀರಾ ಗಂಡನ ಎದುರು ಬಂದು ನಿಂತರು. "ಶಬ್ದವೇ ಇರಲಿಲ್ಲ ಅಲ್ವಾ?" ಎಂದರು. ಆಮೇಲೆ, "ಏಳಿ, ಹೋಗುವ. ಇವತ್ತು ಆ ಕೋಣೆಯ ಫ್ಯಾನ್ ಹಾಕುವ," ಎಂದರು.

ಬಾವಾಕ ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡು ಎದ್ದರು.