ಚೌಡಮ್ಮನ ಬನವೂ ಬೆಂಗಳೂರಿನ ಸಾಫ್ಟ್‌ವೇರ್ ಸಮ್ಮೇಳನವೂ

ಕೋವಿಡ್ ಗಲಾಟೆ ತಣ್ಣಗಾಗಿ ಜನ ಮತ್ತೆ ಸಭೆ ಸಮಾರಂಭ ಅಂತ ಒಂದೆಡೆ ಸೇರತೊಡಗಿದ್ದ ಕಾಲ. ಬಾಳ್ಳುಪೇಟೆ ಹತ್ತಿರದ ಕಾಫಿ ಬೆಳೆಗಾರರ ಒಂದು ಸಣ್ಣ ಸಂಘಕ್ಕೆ ನಾನು ಕಾರ್ಯದರ್ಶಿ. ಟೈಪ್‌ರೈಟರ್ ಕುಟ್ಟುವ ಕೆಲಸಕ್ಕೆ ಸೇರಿದವಳು ಅಲ್ಲಿಯೇ ತಲೆ ನರೆಸಿಕೊಂಡು ಆ ಕುರ್ಚಿಗೆ ಬಂದಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಆ ಸಂಘ ಈಗ ದೊಡ್ಡ ಸಂಘವೊಂದರಲ್ಲಿ ಸೇರಿಹೋಗಿದೆ, ನಮ್ಮ ಆಫೀಸಿದ್ದ ಕಟ್ಟಡದಲ್ಲಿ ಟೈರ್ ಅಂಗಡಿ ಬಂದಿದೆ. ಬಸ್ಸಿನಲ್ಲಿ ಹಾಸನಕ್ಕೆ ಹೋಗುವಾಗಲೆಲ್ಲ ಆ ಕಡೆಗೇ ಕಿಟಕಿ ಹಿಡಿದು ಕೂರುತ್ತೇನೆ. ಸ್ಟೋರಿನಲ್ಲಿ ಚೀಲ ಬಿಚ್ಚಿದಾಗ ಬರುತ್ತಿದ್ದ ಒಣ ಕಾಫಿಯ ವಾಸನೆ ಈಗಲೂ ಮೂಗಿಗೆ ಬಡಿದಂತಾಗುತ್ತದೆ.

ಆ ವರ್ಷ ನಮ್ಮಲ್ಲಿಗೆ ಎಂಟರ್‌ಪ್ರೈಸ್ ಸಾಫ್ಟ್‌ವೇರ್ ಬಂತು. ಸಂಸ್ಥೆಯ ಖರೀದಿ, ದಾಸ್ತಾನು, ಸದಸ್ಯರ ವಿವರ ಎಲ್ಲವನ್ನೂ ಒಂದೇ ಕಡೆ ಜೋಡಿಸಿಡುವ ದೊಡ್ಡ ಪ್ರೋಗ್ರಾಂ ಅದು. ನಮಗೆ ಅದು ಬೇಕಾಗಿದ್ದು ಟ್ರೇಸಬಿಲಿಟಿಗೆ, ಅಂದರೆ ಯಾವ ಚೀಲದ ಕಾಫಿ ಯಾವ ತೋಟದ್ದು ಎಂದು ತೋರಿಸುವುದಕ್ಕೆ. ಕಾಡು ಕಡಿದು ಬೆಳೆದ ಕಾಫಿ ತಮಗೆ ಬೇಡ ಎಂದು ಹೊರದೇಶದ ಖರೀದಿದಾರರು ಹಟ ಹಿಡಿದಿದ್ದರು. ಹಾಗಾಗಿ ಪ್ರತಿ ಸದಸ್ಯರ ತೋಟದ ಗಡಿಯನ್ನು ಫೋನ್ ಹಿಡಿದು ನಡೆದು ದಾಖಲು ಮಾಡಬೇಕಿತ್ತು. ಹೊರಟ ಜಾಗಕ್ಕೇ ಬಂದು ನಿಂತರೆ ಮ್ಯಾಪಿನಲ್ಲಿ ತೋಟದ ಆಕಾರ ಮೂಡುತ್ತದೆ. ಇದಕ್ಕೆ ಪಾಲಿಗನ್ ಎನ್ನುತ್ತಾರೆ. ಅದು ಕಾಡಿನ ಮೇಲೆ ಬಿದ್ದಿರದಿದ್ದರೆ ಹಸಿರು, ಬಿದ್ದಿದ್ದರೆ ಕೆಂಪು. ಕೆಂಪಾದ ತೋಟದ ಕಾಫಿಯನ್ನು ಸಂಘದ ರಾಶಿಗೆ ಸೇರಿಸುವಂತಿಲ್ಲ.

ನೂರಕ್ಕೂ ಹೆಚ್ಚು ತೋಟಗಳು. ಹಾನುಬಾಳು ಕಡೆಯವುಗಳಲ್ಲಿ ಸುಮಾರಷ್ಟನ್ನು ನಾನೇ ನಡೆದೆ. ಮಂಡಿ ನೋವಿದ್ದರೂ ಆ ನಡಿಗೆಯ ದಿನಗಳೆಂದರೆ ನನಗೆ ಈಗಲೂ ಪ್ರೀತಿ. ಒಂದೊಂದು ತೋಟದಲ್ಲೂ ಒಂದೊಂದು ಲೋಟ ಕಾಫಿ, ಜೊತೆಗೆ ಮನೆಯ ಕಷ್ಟಸುಖ. ಎಲ್ಲ ಮುಗಿಸಿ ಕಂಪ್ಯೂಟರಿಗೆ ಹಾಕಿದಾಗ ಒಂದೇ ಒಂದು ಕೆಂಪಾಯಿತು. ಅದು ಲಕ್ಕಮ್ಮನದು.

ಲಕ್ಕಮ್ಮ ನನಗಿಂತ ಹತ್ತು ವರ್ಷ ದೊಡ್ಡವರು. ಗಂಡ ತೀರಿಹೋದ ಮೇಲೆ ಮೂರೂವರೆ ಎಕರೆ ತೋಟವನ್ನು ತಾವೇ ನಿಂತು ನೋಡಿಕೊಂಡವರು. ತೋಟದ ಮೇಲ್ಭಾಗಕ್ಕೆ ಹೊಂದಿಕೊಂಡು ಚೌಡಮ್ಮನ ಬನ ಇದೆ. ಬನ ಎಂದರೆ ಊರಿನವರು ದೇವರಿಗೆಂದು ಬಿಟ್ಟ ಕಾಡು. ಅಲ್ಲಿ ಒಣಗಿದ ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಅದರ ಉಳಿದ ಬದಿಗಳಲ್ಲಿ ಗದ್ದೆ, ಹಳ್ಳ, ಊರಿನ ರಸ್ತೆ. ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಪೂಜೆಯಲ್ಲಿ ಮೊದಲ ಎಡೆ ಲಕ್ಕಮ್ಮನ ಮನೆಯದೇ.

ಸಂಘದ ಸಭೆಯಲ್ಲಿ ಅಧ್ಯಕ್ಷ ಹೂವಣ್ಣಗೌಡರು ಪಟ್ಟಿ ಓದಿದರು. ಅವರು ಕೆಟ್ಟವರಲ್ಲ, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವ ಜನ. "ಲಕ್ಕಮ್ಮ, ಕೆಂಪು. ಅರಣ್ಯದ ಮೇಲೆ ಬಿದ್ದೈತೆ," ಎಂದರು. ಹಿಂದಿನ ಸಾಲಿನಿಂದ ಯಾರೋ, "ಏನು, ಚೌಡಮ್ಮನ ಬನಾನೇ ನುಂಗ್ಬುಟ್ಟವ್ಳಾ?" ಎಂದರು. ನಾಲ್ಕು ಜನ ನಕ್ಕರು. ಲಕ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಇದು ಸಾಫ್ಟ್‌ವೇರಿನ ತಪ್ಪು ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನಮ್ಮ ತೋಟಗಳಲ್ಲಿ ನೆರಳಿಗೆ ದೊಡ್ಡ ಮರಗಳಿರುತ್ತವೆ, ಆಕಾಶದಿಂದ ನೋಡಿದವರಿಗೆ ಅದು ಕಾಡಿನ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು? ಕಂಪನಿಗೆ ಮೇಲ್ ಮೇಲೆ ಮೇಲ್ ಹಾಕಿದೆ. 'ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ' ಎಂಬ ಒಂದೇ ಉತ್ತರ. ಅಷ್ಟರಲ್ಲಿ ಬನದ ಪೂಜೆ ಬಂತು. ಮೊದಲ ಎಡೆಗೆ ಜನ ಸುಮಾರು ಹೊತ್ತು ಕಾದರು. ಲಕ್ಕಮ್ಮ ಬರಲಿಲ್ಲ. ಕೊನೆಗೆ ಬೇರೆ ಮನೆಯವರು ಎಡೆ ಇಟ್ಟರು ಎಂದು ತಿಳಿದಾಗ ನನಗೆ ಅನ್ನ ಸೇರಲಿಲ್ಲ.

ಅದೇ ಹೊತ್ತಿಗೆ ಆ ಕಂಪನಿ ತನ್ನ ಗ್ರಾಹಕರಿಗೆಲ್ಲ ಬೆಂಗಳೂರಿನಲ್ಲಿ ಎರಡು ದಿನದ ಸಮ್ಮೇಳನ ಇಟ್ಟಿತು. ನಮ್ಮ ಸಂಘಕ್ಕೂ ಒಂದು ಆಹ್ವಾನ ಬಂತು. ಹೂವಣ್ಣಗೌಡರು, "ಮೇಡಂ, ಎಲ್ಲಾ ಬರ್ಕೊಂಡ್ ಬನ್ನಿ, ಒಂದೂ ಬುಡ್ಬೇಡಿ," ಎಂದು ಹೊಸ ನೋಟ್ ಪುಸ್ತಕ ಕೊಟ್ಟು ಕಳಿಸಿದರು. ಲಕ್ಕಮ್ಮನ ತೋಟದ ಮ್ಯಾಪನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮೊದಲ ದಿನ ಪೂರ್ತಿ ಹಾಳು ಮಾಡಿಕೊಂಡೆ. ಕಲ್ಯಾಣ ಮಂಟಪಕ್ಕಿಂತ ದೊಡ್ಡ ಹಾಲು, ಮುಂದಿನ ಸಾಲಿನಲ್ಲಿ ನಾನು. ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರು ಬಂದು ಕ್ಲೌಡ್ ಎಂದರು, ಎ.ಐ. ಎಂದರು, ಪ್ರಯಾಣ ಎಂದರು, ಎಲ್ಲಿಗೆ ಎಂದು ಮಾತ್ರ ಹೇಳಲಿಲ್ಲ. ಶಾಲೆಯ ಹುಡುಗಿಯ ಹಾಗೆ ಕೈ ನೋಯುವಷ್ಟು ಬರೆದೆ. ಇಪ್ಪತ್ತೆರಡು ಪುಟ! ಮಧ್ಯದಲ್ಲಿ ಸ್ಟಾಲುಗಳಿಗೆ ಹೋಗಿ ಮೂರು ಪೆನ್ನು, ಎರಡು ಬಟ್ಟೆ ಚೀಲ ಸಂಪಾದಿಸಿದೆ. ಸಂಜೆ ಕಾಫಿಯ ಸಾಲಿನಲ್ಲಿ ನಿಂತಾಗ ನನ್ನ ಪುಸ್ತಕವನ್ನು ನೋಡಿ ಹಿಂದಿದ್ದವರೊಬ್ಬರು ನಕ್ಕರು. ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯ ಸ್ಟೋರ್ಸ್ ಅಧಿಕಾರಿಯಂತೆ, ಇಂಥ ಸಮ್ಮೇಳನಕ್ಕೆ ಅದು ಅವರ ಐದನೇ ಸಲವಂತೆ.

"ಭಾಷಣ ಎಲ್ಲಿಗೂ ಹೋಗಾಕಿಲ್ಲ ಕಣಮ್ಮ, ಆಮೇಲೆ ವಿಡಿಯೋ ಕಳಿಸ್ತಾರೆ," ಎಂದರು. "ಜನ ನಾಳೆ ಸಂಜೆ ಎದ್ದು ಹೋದ್ರೆ ಮತ್ತೆ ಸಿಕ್ಕಲ್ಲ. ಊರಿಂದ ಯಾವ ತೊಂದ್ರೆ ಹೊತ್ಕೊಂಡ್ ಬಂದಿದೀರಿ, ಮೊದ್ಲು ಅದನ್ನ ಆಚೆಗೆ ತೆಗೀರಿ."

ನನಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ಇಡೀ ದಿನ ಬ್ಯಾಗಿನಲ್ಲಿದ್ದ ಮ್ಯಾಪನ್ನು ನಾನು ಒಂದು ಸಲವೂ ಬಿಚ್ಚಿರಲಿಲ್ಲ.

ಮರುದಿನ ಭಾಷಣಗಳ ಕಡೆ ತಲೆ ಹಾಕಲಿಲ್ಲ. ನೇರವಾಗಿ ಕಂಪನಿಯ ಸ್ಟಾಲಿಗೆ ಹೋದೆ. ಟೈ ಕಟ್ಟಿದ ಯುವಕನೊಬ್ಬ ನಗುತ್ತಾ ಬಂದು ಹೊಸ ವರ್ಷನ್ನಿನ ಡೆಮೊ ತೋರಿಸಲೇ ಎಂದ. "ಮಾರೋರು ಬೇಡಪ್ಪ, ರಿಪೇರಿ ಮಾಡೋರು ಯಾರಿದ್ದಾರೆ ಅವರನ್ನ ತೋರಿಸು," ಎಂದೆ. ನನ್ನ ದನಿ ಸ್ವಲ್ಪ ಜೋರೇ ಆಗಿತ್ತು. ಅವನು ಸ್ಟಾಲುಗಳ ಕೊನೆಯಲ್ಲಿ, ಊಟದ ಜಾಗಕ್ಕೆ ಹೋಗುವ ಬಾಗಿಲ ಪಕ್ಕ ಇದ್ದ ಒಂದು ಮೇಜನ್ನು ತೋರಿಸಿದ. ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಶೋಭಾ ಎಂಬ ಇಂಜಿನಿಯರ್ ಒಬ್ಬರೇ ಕೂತಿದ್ದರು. ಅವರ ಮುಂದೆ ಯಾವ ಸಾಲೂ ಇರಲಿಲ್ಲ. ಭಾಷಣ ಕೇಳುವುದಕ್ಕೆ ಸಾವಿರ ಜನ, ಕೇಳಿದ್ದಕ್ಕೆ ಉತ್ತರ ಕೊಡುವ ಈಕೆಯ ಹತ್ತಿರ ನಾನೊಬ್ಬಳು!

ಮ್ಯಾಪ್ ಹರವಿ, ತಿಂಗಳುಗಳಿಂದ ಒಳಗೆ ತುಂಬಿಕೊಂಡಿದ್ದ ಸಿಟ್ಟನ್ನೆಲ್ಲ ಅವರ ಮೇಲೆ ಸುರಿದೆ. ಅವರು ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡು, ಆಮೇಲೆ ಕೇಳಿದರು: "ಪಹಣಿಯಲ್ಲಿ ಎಷ್ಟಿದೆ ಮೇಡಂ ಈ ಜಾಗ?"

"ಮೂರೂವರೆ ಎಕರೆ."

"ಇಲ್ಲಿ ನಾಲ್ಕೂ ಮುಕ್ಕಾಲು ತೋರಿಸ್ತಿದೆಯಲ್ಲ?"

ಅದು ನನಗೂ ಗೊತ್ತಿತ್ತು. ಗುಡ್ಡದ ಜಾಗದಲ್ಲಿ ಪಹಣಿಗೂ ನೆಲಕ್ಕೂ ಸರಿಹೊಂದುವುದು ಅಪರೂಪ ಎಂದು ಸುಮ್ಮನಾಗಿದ್ದೆ. ಅವರು ಪರದೆಯ ಮೇಲೆ ಮ್ಯಾಪನ್ನು ದೊಡ್ಡದು ಮಾಡಿ ಒಂದು ಮೂಲೆಗೆ ಬೆರಳಿಟ್ಟರು. "ಇಲ್ಲೀವರೆಗೆ ನೇರವಾಗಿ ಬಂದೋರು ಇಲ್ಲಿ ಯಾಕೆ ಹೀಗೆ ಬಳಸಿಕೊಂಡು ಹೋದ್ರಿ?"

"ಅಲ್ಲಿ ಬನ ಇದೆಯಲ್ಲಮ್ಮ," ಎಂದೆ, ಇದನ್ನೂ ಹೇಳಬೇಕೇ ಎನ್ನುವ ಹಾಗೆ. "ಚೌಡಮ್ಮನ್ನ ಎಡಕ್ಕೆ ಬಿಟ್ಟು ಸುತ್ತೋಕಾಗುತ್ತಾ?"

ಹೇಳಿದ ಮಾತು ನನ್ನ ಕಿವಿಗೇ ಬಿದ್ದಾಗ ಮ್ಯಾಪನ್ನು ನನ್ನ ಕಡೆಗೆ ಎಳೆದುಕೊಂಡೆ. ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಸುತ್ತು ಹಾಕುವಾಗ ದೇವರು ಯಾವಾಗಲೂ ಬಲಕ್ಕಿರಬೇಕು. ಲಕ್ಕಮ್ಮ ಮುಂದೆ ಕತ್ತಿ ಹಿಡಿದು ಬಳ್ಳಿ ಸವರುತ್ತಾ, ನಾನು ಹಿಂದೆ ಫೋನ್ ಹಿಡಿದು, ತೋಟವನ್ನು ಬಲಗೈ ಕಡೆ ಇಟ್ಟುಕೊಂಡು ಹೊರಟಿದ್ದೆವು. ಬನ ಇರುವುದು ತೋಟದ ಆಚೆ. ಬೇಲಿಗುಂಟ ಹೋದರೆ ಚೌಡಮ್ಮ ಎಡಕ್ಕೆ ಬೀಳುತ್ತಾಳೆ. ಹಾಗಾಗಿ ಮಾತಾಡುತ್ತಾ ಮಾತಾಡುತ್ತಾ ಇಬ್ಬರೂ ಬನದ ಹೊರಗಿನ ಕಾಲುದಾರಿ ಹಿಡಿದು, ಅದನ್ನು ಬಲಕ್ಕೆ ಹಾಕಿಕೊಂಡು ಸುತ್ತಿ ಬಂದಿದ್ದೆವು. ಇಬ್ಬರಿಗೂ ಅದು ಗಮನಕ್ಕೇ ಬರಲಿಲ್ಲ. ಬಲಕ್ಕೆ ಬಿದ್ದದ್ದೆಲ್ಲ ತೋಟ ಎಂದುಕೊಂಡ ಫೋನು ಬನವನ್ನೂ ಲಕ್ಕಮ್ಮನ ಹೆಸರಿಗೆ ಬರೆದುಬಿಟ್ಟಿತ್ತು.

ಊರಿನಲ್ಲಿ ಯಾರಿಗೆ ಈ ನಡಿಗೆಯನ್ನು ವಿವರಿಸಿದ್ದರೂ 'ಯಾಕೆ ಬಳಸಿದೆ' ಎಂದು ಕೇಳುತ್ತಿರಲಿಲ್ಲ. ಅವರೂ ಹಾಗೆಯೇ ಹೋಗುತ್ತಿದ್ದರು. ಬನ ಕಂಡೇ ಇರದ ಶೋಭಾ ಕೇಳಿದರು. ಅವರು ನನ್ನ ಮುಖ ನೋಡಿ ನಗಲಿಲ್ಲ, ಕುಡಿಯಲು ನೀರು ಕೊಟ್ಟರು. "ಮತ್ತೊಂದು ಸಲ ನಡೆದು ಹೊಸ ಪಾಲಿಗನ್ ಹಾಕಿ ಮೇಡಂ, ಹಳೆಯದನ್ನ ನಾನೇ ತೆಗೆಸಿಕೊಡ್ತೀನಿ," ಎಂದು ತಮ್ಮ ನಂಬರ್ ಬರೆದುಕೊಟ್ಟರು. ಮಧ್ಯಾಹ್ನದ ಭಾಷಣಗಳಿಗೆ ನಿಲ್ಲದೆ ಬಸ್ ಹತ್ತಿದೆ.

ಮಾರನೆಯ ದಿನ ಬೆಳಿಗ್ಗೆ ಲಕ್ಕಮ್ಮನ ಮನೆಗೆ ಹೋದೆ. ಜಗುಲಿಯ ಮೇಲೆ ಮ್ಯಾಪ್ ಹಾಸಿ, ಕೆಂಪಾಗಿದ್ದು ಯಾವುದು ಎಂದು ತೋರಿಸಿದೆ. ವಿವರಿಸುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಬಗ್ಗಿ ನೋಡಿ ಅಂದರು:

"ಇದು ಹಳ್ಳ. ಇದು ಗದ್ದೆ. ಅಯ್ಯೋ, ಇದು ಬನ ಅಲ್ವಾ? ಬನಾನ ಯಾಕ್ ಸೇರ್ಸಿದೀರಿ ಇದ್ರಾಗೆ?"

ಓದು ಬರಹ ಬಾರದ ಹೆಂಗಸು. ಅರ್ಧ ನಿಮಿಷ ಹಿಡಿಯಲಿಲ್ಲ.

"ನನಗೆ ಗೊತ್ತಾಗ್ಲಿಲ್ಲ ಲಕ್ಕಕ್ಕ," ಎಂದೆ.

"ಅವತ್ತೇ ಒಂದ್ಸಲ ತಂದು ತೋರ್ಸಿದ್ರೆ ಹೇಳ್ತಿದ್ನಲ್ಲ ಮೇಡಮ್ಮೋರೆ. ಕೆಂಪು ಕೆಂಪು ಅಂದ್ರಿ, ಎಲ್ಲೈತೆ ಕೆಂಪು ಅಂತ ಯಾರೂ ನಂಗೆ ತೋರ್ಸ್ಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಬೇಲಿಗುಂಟ ನಡೆಯಬೇಕಲ್ಲ, ದೇವರು ಎಡಕ್ಕೆ ಬೀಳುತ್ತಾಳಲ್ಲ ಎಂದು ನಾನು ಅನುಮಾನಿಸುತ್ತಿದ್ದರೆ ಅವರು ಆಗಲೇ ಕತ್ತಿ ತೆಗೆದುಕೊಂಡು ಅಂಗಳಕ್ಕೆ ಇಳಿದಿದ್ದರು. "ಈಸಲ ಆ ಕಡೆಯಿಂದ ಸುತ್ತಾನ ಬನ್ನಿ. ತೋಟ ಎಡಕ್ಕಿರ್ಲಿ, ತೋಟಕ್ಕೇನು ಬೇಜಾರಿಲ್ಲ. ಚೌಡಮ್ಮ ಬಲಕ್ಕೇ ಬತ್ತಾಳೆ." ಉಲ್ಟಾ ಸುತ್ತಿದೆವು. ಬೇಲಿಯ ಹತ್ತಿರ ಬಂದಾಗ ಅವರು ನಿಂತು ಬನದ ಕಡೆ ಕೈ ಮುಗಿದರು, ತುಂಬಾ ಹೊತ್ತು. ನಾನು ಫೋನ್ ಹಿಡಿದುಕೊಂಡೇ ಕಣ್ಣೊರೆಸಿಕೊಂಡೆ. ಆ ವಾರದಲ್ಲೇ ಲಕ್ಕಮ್ಮನ ತೋಟ ಹಸಿರಾಯಿತು. ಕೊಯ್ಲಿಗೆ ಇನ್ನೂ ತಿಂಗಳಿತ್ತು.

ಮುಂದಿನ ಸಭೆಗೆ ಮುಂಚೆ ಹೂವಣ್ಣಗೌಡರು ನನ್ನನ್ನು ಪಕ್ಕಕ್ಕೆ ಕರೆದರು. "ಸಾಫ್ಟ್‌ವೇರ್ ತಪ್ಪಾಗಿತ್ತು, ಸರಿ ಹೋಯ್ತು ಅಂದ್ಬುಡಿ ಮೇಡಂ. ರಿಟೈರಾಗೋ ಹೊತ್ನಲ್ಲಿ ನಿಮಗ್ಯಾಕೆ ಕೆಟ್ಟ ಹೆಸ್ರು?" ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಒಂದು ಗಳಿಗೆ ಹಾಗೇ ಹೇಳಿಬಿಡೋಣ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಆದರೆ ಲಕ್ಕಮ್ಮ ಬಂದು ಹಿಂದಿನ ಸಾಲಿನಲ್ಲಿ, ಅವತ್ತು ನಕ್ಕವರ ನಡುವೆಯೇ ಕೂತರು.

ಎದ್ದು ನಿಂತು ಹೇಳಿದೆ: "ತಪ್ಪು ಲಕ್ಕಮ್ಮನವರದಲ್ಲ, ಸಾಫ್ಟ್‌ವೇರಿನದೂ ಅಲ್ಲ. ಫೋನ್ ನನ್ನ ಕೈಯಲ್ಲಿತ್ತು, ಬನವನ್ನು ಸೇರಿಸಿ ನಡೆದವಳು ನಾನು. ಅದಕ್ಕಿಂತ ದೊಡ್ಡ ತಪ್ಪು, ಈ ಮ್ಯಾಪನ್ನು ಅವರಿಗೆ ತೋರಿಸದೆ ನಿಮ್ಮೆಲ್ಲರ ಮುಂದೆ ಓದಲು ಬಿಟ್ಟಿದ್ದು. ಅವರ ಕ್ಷಮೆ ಕೇಳುತ್ತೇನೆ."

ಲಕ್ಕಮ್ಮ ಕೂತಲ್ಲಿಂದಲೇ ಅಂದರು: "ಬನ ಬನದ ಜಾಗದಾಗೈತೆ, ನಾನು ನನ್ನ ಜಾಗದಾಗಿದೀನಿ. ಮುಂದಿನ ವಿಷ್ಯ ಓದಿ ಗೌಡ್ರೆ."

ಆಮೇಲೆ ನಮ್ಮ ಸಂಘದಿಂದ ಬೇರೆಯವರು ಅಂಥ ಸಮ್ಮೇಳನಗಳಿಗೆ ಹೋದರು. ಹೋಗುವ ಮುಂಚೆ ನನ್ನನ್ನು ಕೇಳುತ್ತಿದ್ದರು. ಪುಸ್ತಕ ತುಂಬಿಸಬೇಡಿ, ಊರಿನ ಒಂದು ಗಂಟನ್ನು ಹೊತ್ತು ಹೋಗಿ, ಅದನ್ನು ನಿಮ್ಮ ರೂಢಿ ಗೊತ್ತಿಲ್ಲದವರ ಮುಂದೆ ಬಿಚ್ಚಿ, ಅವರು ಕೇಳುವ ಪೆದ್ದು ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಕೊಡಿ ಎನ್ನುತ್ತಿದ್ದೆ. ಇದಿಷ್ಟನ್ನು ನನಗೆ ಬೆಂಗಳೂರು ಕಲಿಸಿತು. ಆದರೆ ಬಸ್ ಹತ್ತುವ ಮುಂಚೆ ಆ ಗಂಟು ಯಾರದೋ ಅವರ ಜಗುಲಿಯಲ್ಲಿ ಒಮ್ಮೆ ಬಿಚ್ಚಬೇಕಿತ್ತು. ಆ ಕಾಗದವನ್ನು ಬೆಂಗಳೂರಿನ ತನಕ ಹೊತ್ತುಕೊಂಡು ಹೋದವಳು ಹಾನುಬಾಳು ರಸ್ತೆಯ ಲಕ್ಕಮ್ಮನ ಮನೆಗೆ ಒಯ್ದಿರಲಿಲ್ಲ. ಅದು ನೆನಪಾದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.