ಕೊಂಡುಕುರಿಯ ಅಂಗಳ ಗುಡಿಸಿದ ಶಂಕರಮ್ಮ

ಬಿಳಿಚೋಡಿನ ಶಂಕರಮ್ಮ ಎಲ್ಲೇ ಕೂರಲಿ, ಮೊದಲು ಆ ಜಾಗ ಗುಡಿಸಬೇಕು. ಪೊರಕೆ ಸಿಗದಿದ್ದರೆ ಸೆರಗಿನ ತುದಿಯಿಂದಲಾದರೂ ಎರಡು ಸಲ ಝಾಡಿಸಬೇಕು. ಮಗಳು ಅರುಣಾಳ ಹೆರಿಗೆಗೆಂದು ಆಸ್ಪತ್ರೆಗೆ ಹೋದಾಗ, ಆಯಾ ಬರುವಷ್ಟರಲ್ಲಿ ಇಡೀ ವಾರ್ಡು ಗುಡಿಸಿ, ಪಕ್ಕದ ಮಂಚದವರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿಟ್ಟಿದ್ದಳು. ಸ್ವರ್ಗಕ್ಕೆ ಹೋದರೂ ಇವಳು ಬಾಗಿಲಲ್ಲೇ ಪೊರಕೆ ಕೇಳುತ್ತಾಳೆ ಎಂಬುದು ಗಂಡ ನಾಗೇಂದ್ರಪ್ಪನ ಹಳೆಯ ಮಾತು.

ಹೊನ್ನಾಳಿ ಕಡೆ ಹೊಳೆ ನೀರು ಕುಡಿದು ಬೆಳೆದ ಹುಡುಗಿ ಮದುವೆಯಾಗಿ ಜಗಳೂರಿನ ಒಣನೆಲಕ್ಕೆ ಬಂದು ಮೂವತ್ತು ವರ್ಷ. ಬಂದ ವರ್ಷವೇ ಅತ್ತೆ ಮೇಕೆ ಕಾಯುವ ಕೋಲು ಕೈಗಿತ್ತಳು. ಅಂದಿನಿಂದ ರಂಗಯ್ಯನದುರ್ಗದ ಕಾಡಂಚಿನ ಕುರುಚಲು ಗುಡ್ಡವೇ ಅವಳ ಕಚೇರಿ. ಯಾವ ಕಮರದ ಮರದ ನೆರಳು ಯಾವ ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಾಳೆ.

ಆ ಗುಡ್ಡದಲ್ಲೇ ಒಂದು ಬೆಳಿಗ್ಗೆ ಅವಳಿಗೆ ಕೊಂಡುಕುರಿ ಕಂಡಿತು. ಹೆಸರಿಗಷ್ಟೇ ಅದು ಕುರಿ. ಜಿಂಕೆಗಿಂತ ಚಿಕ್ಕದು, ಮಹಾ ನಾಚಿಕೆಯದು, ಈಗೀಗ ಬಲು ಅಪರೂಪ. ಗಂಡಿಗೆ ತಲೆಯ ಮೇಲೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ಶಂಕರಮ್ಮ ಕಂಡದ್ದು ಹೆಣ್ಣನ್ನು, ಜೊತೆಯಲ್ಲೊಂದು ಎಳೆಮರಿಯನ್ನು. ಊರಲ್ಲಿ ಹೇಳಿದರೆ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕೊಂಬೇ ಇಲ್ಲದ್ದು ಎಂಥ ಕೊಂಡುಕುರಿ, ಯಾರದೋ ತಪ್ಪಿಸಿಕೊಂಡ ಮೇಕೆ ಇರಬೇಕು ಅಂದರು. ನಾಗೇಂದ್ರಪ್ಪನೂ ಅವರ ಜೊತೆ ಸೇರಿಕೊಂಡು ನಕ್ಕ. ಮೂವತ್ತು ವರ್ಷ ಮೇಕೆ ಕಾಯ್ದವಳಿಗೆ ಮೇಕೆಯ ಗುರುತು ಸಿಗಲಿಲ್ಲವೆಂದರೆ ಅದಕ್ಕಿಂತ ಅವಮಾನ ಬೇಕೇ? ಶಂಕರಮ್ಮ ಎರಡು ದಿನ ಗಂಡನಿಗೆ ತಣ್ಣನೆಯ ರೊಟ್ಟಿಯನ್ನೇ ಬಡಿಸಿದಳು.

ಅವಳ ಮಾತು ನಂಬಿದವರು ಇಬ್ಬರೇ. ನಲ್ಲೂರಿನಲ್ಲಿ ಅಡಿಕೆ ಬೆಳೆಯುವ ವಿನಯ್ ಕುಮಾರ್ ಮತ್ತು ನ್ಯಾಮತಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸುಧಾ. ಭಾನುವಾರ ಬಂತೆಂದರೆ ಒಬ್ಬರು ಬೈಕಲ್ಲಿ, ಒಬ್ಬರು ಬಸ್ಸಲ್ಲಿ ಇಷ್ಟು ದೂರ ಬಂದು, ಕೊಂಡುಕುರಿಗಳು ಎಲ್ಲಿವೆ, ಎಷ್ಟಿವೆ ಎಂದು ಬರೆದಿಡುವುದು ಅವರ ಹವ್ಯಾಸ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಮರಗಳಿಗೆ ಕ್ಯಾಮೆರಾ ಕಟ್ಟಿದ್ದರು. ಮುಂದೆ ಏನು ಹಾದರೂ ತಾನೇ ಫೋಟೊ ಹಿಡಿಯುವ ಕ್ಯಾಮೆರಾ. ಇದ್ದದ್ದು ಆರೇ ಆರು. ಅದರಲ್ಲೊಂದನ್ನು ಶಂಕರಮ್ಮ ತೋರಿಸಿದ ಜಾಗದಲ್ಲಿ, ಮೊಣಕಾಲೆತ್ತರಕ್ಕೆ ಕಟ್ಟಿದರು. ಅವಳೂ ಅಂದಿನಿಂದ ಅವರ ತಂಡದವಳಾದಳು.

ದಿನಕ್ಕೊಮ್ಮೆ ಬಂದು, ಹುಲ್ಲುಸೊಪ್ಪು ಅಡ್ಡ ಬರದಂತೆ ಕ್ಯಾಮೆರಾದ ಮುಂದೆ ಚೊಕ್ಕ ಇಡಿ ಎಂದು ವಿನಯ್ ಅವಳಿಗೆ ಹೇಳಿದ. ಇಪ್ಪತ್ತು ದಿನದಲ್ಲಿ ಏನೂ ಸಿಗದಿದ್ದರೆ ಕ್ಯಾಮೆರಾ ಬೇರೆ ಗುಡ್ಡಕ್ಕೆ ಹೋಗುತ್ತದೆ, ಈ ಜಾಗದ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂದೂ ಹೇಳಿದ.

ಇಪ್ಪತ್ತು ದಿನ ಕಳೆದು ಭಾನುವಾರ ಬಂತು. ಕಮರದ ನೆರಳಲ್ಲಿ ವಿನಯ್ ಲ್ಯಾಪ್‌ಟಾಪ್ ತೆರೆದ. ಮೊದಲ ಫೋಟೊದಲ್ಲಿ ಬಂದ್ರೆ ಗಿಡದ ಕಡ್ಡಿಯ ಪೊರಕೆ. ಎರಡನೆಯದರಲ್ಲಿ ಶಂಕರಮ್ಮನ ಪಾದ. ಮೂರನೆಯದರಲ್ಲಿ ಬಿಂದಿಗೆ ಹಿಡಿದು ನೀರು ಚಿಮುಕಿಸುತ್ತಿರುವ ಶಂಕರಮ್ಮ. ಹೀಗೇ ಇನ್ನೂರು ಚಿಲ್ಲರೆ ಫೋಟೊ. ಶುಕ್ರವಾರಗಳಂದು ಮಾತ್ರ ನೆಲದ ಮೇಲೆ ಚಿಕ್ಕದೊಂದು ರಂಗೋಲಿ. ಸುಧಾ ದುಪಟ್ಟಾ ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು.

ವಿನಯ್ ಎದ್ದು ಕ್ಯಾಮೆರಾದ ಮುಂದಿನ ನೆಲ ನೋಡಿದ. ಅದು ಮದುವೆಮನೆಯ ಅಂಗಳದಂತೆ ಹೊಳೆಯುತ್ತಿತ್ತು.

"ಅಮ್ಮಾ, ಇಲ್ಲೊಂದು ಹಿಕ್ಕೆ ಗುಡ್ಡೆ ಇತ್ತಲ್ರೀ, ಏನಾತು?"

"ಇತ್ತು. ಫೋಟೊದಾಗೆ ಗಲೀಜು ಕಾಣ್ತೈತೆ ಅಂತ ಬಳದು ಬದನೆ ಗಿಡಕ್ಕೆ ಹಾಕ್ದೆ. ಗಿಡ ಚಲೋ ಬಂದೈತೆ."

ವಿನಯ್ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಕೊಂಡುಕುರಿ ಕಂಡಕಂಡಲ್ಲಿ ಹಿಕ್ಕೆ ಹಾಕುವುದಿಲ್ಲ, ದಿನವೂ ಒಂದೇ ಜಾಗಕ್ಕೆ ಬಂದು ಹಾಕುತ್ತದೆ, ಆ ಗುಡ್ಡೆಯೇ ಅದರ ವಿಳಾಸ, ಅದನ್ನು ನೋಡಿಯೇ ತಾನು ಕ್ಯಾಮೆರಾ ಕಟ್ಟಿದ್ದು ಎಂದು ಮೆಲ್ಲಗೆ ಬಿಡಿಸಿ ಹೇಳಿದ.

"ಅದನ್ನ ಅವತ್ತೇ ಹೇಳಾಕೆ ನಿಮಗೇನಾಗಿತ್ತು?" ಎಂದಳು ಶಂಕರಮ್ಮ. "ಚೊಕ್ಕ ಇಡ್ರಿ ಅಂದ್ರಿ, ಇಟ್ಟೆ."

ಸುಧಾ, ರಂಗೋಲಿ ಚೆನ್ನಾಗಿ ಬಿದ್ದಿದೆ ಎಂದು ಸಮಾಧಾನ ಹೇಳಿದಳು.

ವಿನಯ್ ಕ್ಯಾಮೆರಾದ ಪಟ್ಟಿ ಬಿಚ್ಚತೊಡಗಿದ. ಶಂಕರಮ್ಮ ಕೂತುಬಿಟ್ಟಳು, ಆ ಜಾಗವನ್ನು ಝಾಡಿಸದೆಯೇ. ಇನ್ನು ಊರಿನವರಿಗೆ ಹಬ್ಬ. ಮೇಕೆ ನೋಡಿ ಕೊಂಡುಕುರಿ ಅಂದವಳು ಎಂಬ ಹೆಸರು ಸಾಯುವವರೆಗೂ ಅಂಟಿಕೊಳ್ಳುತ್ತದೆ. ಕಣ್ಣಿಗೆ ಮಾತ್ರ ಅವತ್ತು ಕಂಡ ತಾಯಿ ಕೊಂಡುಕುರಿಯೇ ಕಟ್ಟಿದ ಹಾಗಿತ್ತು. ಹೆಜ್ಜೆಹೆಜ್ಜೆಗೂ ಹಿಂದಿರುಗಿ ಮರಿ ಬರುತ್ತಿದೆಯೇ ಎಂದು ನೋಡುತ್ತಿತ್ತು. ಬಾಣಂತನಕ್ಕೆ ಬಂದಿರುವ ಅರುಣಾಳೂ ಹಾಗೆಯೇ. ನಲ್ಲಿಗೆ ಹೋದರೂ ಕಿವಿ ತೊಟ್ಟಿಲ ಕಡೆಗೇ. ಕೂಸು ಅತ್ತರೆ ಕೇಳಿಸದಷ್ಟು ದೂರ ಒಂದು ಹೆಜ್ಜೆ ಇಡುವವಳಲ್ಲ.

"ವಿನಯಣ್ಣ, ಬಿಚ್ಚಬ್ಯಾಡ್ರಿ" ಎಂದಳು. "ಎಳೇ ಕೂಸಿನ ತಾಯಿ ದೂರ ಹೋಗಲ್ಲ. ನಾನು ಅಂಗಳ ಗುಡಿಸ್ದೆ ಅಂತ ಮನೆ ಬಿಟ್ಟಿರಲ್ಲ, ಹಿತ್ಲಿಗೆ ಹೋಗಿರ್ತೈತೆ. ಒಂದು ವಾರ ಕೊಡ್ರಿ."

ಇನ್ನೊಂದು ಗುಡ್ಡದವರಿಗೆ ಮಾತು ಕೊಟ್ಟಾಗಿದೆ ಎಂದು ವಿನಯ್ ಗೊಣಗಿದ. ಆ ಗುಡ್ಡ ಒಂದು ವಾರಕ್ಕೆ ಎಲ್ಲೂ ಓಡಿಹೋಗುವುದಿಲ್ಲ ಎಂದಳು ಸುಧಾ. ಕೊನೆಗೆ ಅವನು ಬರುವ ಭಾನುವಾರದವರೆಗೆ ಒಪ್ಪಿಕೊಂಡ.

ಮೂವರೂ ಹೊಸ ಹಿಕ್ಕೆ ಗುಡ್ಡೆ ಹುಡುಕಲು ಹೊರಟರು. ಶಂಕರಮ್ಮ ಯಾರನ್ನೂ ಮುಂದೆ ಹೋಗಗೊಡಲಿಲ್ಲ. ದಾರಿಯವರ ಕಣ್ಣಿಗೆ ಬೀಳಬಾರದು, ಮರಿ ಅಡಗಿರುವ ಪೊದೆಗೆ ಹತ್ತಿರವೂ ಇರಬೇಕು, ತಾನಾಗಿದ್ದರೆ ಎಲ್ಲಿಗೆ ಹೋಗುತ್ತಿದ್ದೆ ಎಂದು ಲೆಕ್ಕ ಹಾಕುತ್ತ ದಿಬ್ಬದ ಹಿಂಬದಿಗೆ ಇಳಿದಳು. ನೂರಿಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ. ಕಾರೆಮುಳ್ಳಿನ ಪೊದೆಯ ಬುಡದಲ್ಲಿ ಹಿಕ್ಕೆಗಳ ಗುಡ್ಡೆ. ಮೇಲಿನವು ಇನ್ನೂ ಹಸಿಯಾಗಿ, ಕರ್ರಗೆ ಹೊಳೆಯುತ್ತಿದ್ದವು. ವಿನಯ್ ಅಲ್ಲೇ ಕ್ಯಾಮೆರಾ ಕಟ್ಟಿದ. ವಾರವಿಡೀ ಈ ಕಡೆ ಸುಳಿಯಬೇಡಿ ಎಂದು ಕೈಮುಗಿದು ಕೇಳಿಕೊಂಡ.

ಆ ವಾರ ಅವಳ ಪಾಡು ಹೇಳತೀರದು. ಮೇಕೆಗಳನ್ನು ಊರಿನ ಇನ್ನೊಂದು ದಿಕ್ಕಿಗೆ ಹೊಡೆದುಕೊಂಡು ಹೋದಳು. ಮನೆಯನ್ನು ದಿನಕ್ಕೆ ಮೂರು ಸಲ ಗುಡಿಸಿ, ಪಕ್ಕದ ಮನೆಯ ಭೀಮಕ್ಕನ ಅಂಗಳಕ್ಕೂ ಕೈಹಾಕಿದಳು. ಹಿಂಗೇ ಗುಡಿಸಿದರೆ ನೆಲ ಸವೆದು ನೀರು ಬಂದೀತು ಎಂದ ನಾಗೇಂದ್ರಪ್ಪ. ಗುರುವಾರ ಮರಿಮೇಕೆಯೊಂದು ತಪ್ಪಿಸಿಕೊಂಡಿತೆಂಬ ನೆಪ ಹೂಡಿ ಅರ್ಧ ಗುಡ್ಡ ಹತ್ತಿದವಳು, ತನಗೆ ತಾನೇ ಬೈದುಕೊಂಡು ಇಳಿದಳು.

ಭಾನುವಾರ ನಾಗೇಂದ್ರಪ್ಪನೂ ಕರೆಯದೆಯೇ ಬಂದು ಲ್ಯಾಪ್‌ಟಾಪಿನ ಮುಂದೆ ಕೂತ. ಮೊದಲು ಕ್ಯಾಮೆರಾ ಕಟ್ಟುವಾಗಿನ ವಿನಯನದೇ ಮೊಣಕಾಲು ಬಂತು, ಆಮೇಲೆ ಮೊಲ, ಆಮೇಲೆ ಮುಂಗುಸಿ. ಸುಧಾ ಮುಂದಿನ ಫೋಟೊ ಒತ್ತಿದಳು. ಮಂಗಳವಾರ ಬೆಳಿಗ್ಗೆ ಆರೂ ನಲವತ್ತು. ಕೊಂಬಿಲ್ಲದ ಕಂದು ತಲೆ, ನೆಟ್ಟಗೆ ನಿಂತ ಎರಡು ಕಿವಿ. ಹೊಟ್ಟೆಯ ಕೆಳಗಿಂದ ಕಡ್ಡಿಯಂಥ ನಾಲ್ಕು ಸಣ್ಣ ಕಾಲು. ಮರುಫೋಟೊದಲ್ಲಿ ಮರಿ ಮುಖ ಹೊರಗೆ ಹಾಕಿತ್ತು, ಮೂತಿಯ ತುದಿಯಲ್ಲಿ ಹಾಲಿನ ನೊರೆ.

ನಾಗೇಂದ್ರಪ್ಪ ಬಗ್ಗಿ ಬಗ್ಗಿ ನೋಡಿ, "ಮೇಕೆ ಅಲ್ಲ ಬಿಡು" ಎಂದ. ಕಟ್ಟೆಯವರಿಗೂ ಅದನ್ನು ನೀನೇ ಹೋಗಿ ಹೇಳಬೇಕು ಎಂದು ಶಂಕರಮ್ಮ ಅವನಿಂದ ಮಾತು ತೆಗೆದುಕೊಂಡಳು.

ವಿನಯ್ ಪುಸ್ತಕ ತೆಗೆದು, ಹೆಣ್ಣು ಒಂದು, ಮರಿ ಒಂದು ಎಂದು ಬರೆದ. ಮೊದಲು ಕಂಡವರು ಶಂಕರಮ್ಮ ಎಂದೂ ಬರೆದ. ಓದಿ ಹೇಳಿ ಎಂದಳು ಶಂಕರಮ್ಮ. ಓದಿದ. ಮಂಗಳವಾರದ ತಾರೀಖು ಬಂದ ಕೂಡಲೇ ಅವಳು ಕೈ ಅಡ್ಡ ಹಿಡಿದಳು.

"ಮಂಗಳವಾರ ಕಂಡಿದ್ದು ಕ್ಯಾಮೆರಾಕ್ಕೆ. ನಾನು ಕಂಡಿದ್ದು ದೀಪಾವಳಿ ಆಗಿ ಎರಡ್ನೇ ಸೋಮವಾರ. ಅದನ್ನ ಬರೀರಿ."

ಸುಧಾ ಮೊಬೈಲಿನಲ್ಲಿ ಆ ಸೋಮವಾರದ ತಾರೀಖು ಹುಡುಕಿ ಹೇಳಿದಳು. ವಿನಯ್ ಬರೆದ ಸಾಲನ್ನು ಹೊಡೆದುಹಾಕಿ, ಕೆಳಗೆ ಹೊಸದಾಗಿ, ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದ. ಮುಗಿಯುವವರೆಗೂ ಶಂಕರಮ್ಮ ಪೆನ್ನಿನ ತುದಿಯಿಂದ ಕಣ್ಣು ಕೀಳಲಿಲ್ಲ.